ಬೀಜವಿಲ್ಲದ ಬಾಳೆಯಲ್ಲೊಂದು ಬೀಜ

ಡಮಾಲಿಯ ಹಲ್ಲಿನಡಿ ಏನೋ ಕಟಕ್ಕೆಂದಿತು.

ಕಲ್ಲಿರಬೇಕು ಅಂದುಕೊಂಡಳು. ಆದರೆ ಮಟೋಕೆಯಲ್ಲಿ ಕಲ್ಲೆಲ್ಲಿಂದ ಬಂತು? ಬಾಳೆಕಾಯಿಯ ಸಿಪ್ಪೆ ಹೆರೆದು, ಎಲೆಯಲ್ಲಿ ಸುತ್ತಿ, ಹಬೆಯಲ್ಲಿ ಬೇಯಿಸಿ, ಎಲೆಯ ಹೊರಗಿನಿಂದಲೇ ಅಂಗೈಯಲ್ಲಿ ಅಮುಕಿ ಮೆತ್ತಗೆ ಮಾಡಿದ ಹಳದಿ ಮುದ್ದೆ ಅದು. ಹುಟ್ಟಿದಾಗಿನಿಂದ ಅದನ್ನೇ ತಿಂದು ಬೆಳೆದವಳು ಅವಳು. ಹಲ್ಲಿಲ್ಲದ ಮುದುಕಿಯರೂ ಯೋಚಿಸದೆ ನುಂಗುವ ಊಟ.

ಬೆರಳಿಟ್ಟು ಮೆಲ್ಲಗೆ ಹೊರತೆಗೆದಳು. ಕಪ್ಪಗಿತ್ತು. ಕರಿಮೆಣಸಿನಷ್ಟು ದಪ್ಪ, ಒಂದು ಮಗ್ಗುಲು ಚಪ್ಪಟೆ.

"ಏನಾಯ್ತು ಅಫಂದೆ? ಉಪ್ಪು ಕಮ್ಮಿಯಾಯ್ತಾ?" ಎದುರು ಕೂತಿದ್ದ ಬ್ಲಾಸಿಯೋ ಕಿವುಂಬಿ ನೆಲಗಡಲೆ ಸಾರಿನ ಸೌಟನ್ನು ಅರ್ಧದಲ್ಲೇ ನಿಲ್ಲಿಸಿ ಕೇಳಿದ. ಪೊಲೀಸರನ್ನು ಎಲ್ಲರೂ ಕರೆಯುವ ಹಾಗೆ ಅವನೂ ಅವಳನ್ನು ಅಫಂದೆ ಎಂದೇ ಕರೆಯುತ್ತಿದ್ದ. ಆದರೆ ಬೇರೆಯವರ ಬಾಯಲ್ಲಿರುವ ಭಯ ಅವನ ಬಾಯಲ್ಲಿರಲಿಲ್ಲ.

"ಉಪ್ಪು ಸರಿಯಾಗಿದೆ ಸ್ಸೆಬೊ. ಊಟ ಸೊಗಸಾಗಿದೆ." ಅವಳೂ ಅವನನ್ನು ಸ್ಸೆಬೊ, ಅಂದರೆ ಅಯ್ಯಾ ಎಂದು ಮರ್ಯಾದೆಯಿಂದಲೇ ಕರೆದಳು.

ಸುಳ್ಳೇನೂ ಅಲ್ಲ. ಮಸಾಕಾ ರಸ್ತೆಯ ಈ ಸಸಿ ತೋಟಕ್ಕೆ ತಪಾಸಣೆಗೆಂದು ಬಂದವರನ್ನು ಕಿವುಂಬಿ ಊಟಕ್ಕೆ ಕೂರಿಸಿಬಿಟ್ಟಿದ್ದ. ತನ್ನ ಹೊಸ ಬಾಳೆಯ ರುಚಿ ನೋಡದೆ ಯಾರೂ ಅಂಗಳ ದಾಟುವ ಹಾಗಿಲ್ಲ ಎಂದಿದ್ದ. ಅಮಾಯಕನೋ, ಮಹಾ ಧೈರ್ಯವಂತನೋ, ಅದೊಂದು ಡಮಾಲಿಗೆ ಇನ್ನೂ ಬಗೆಹರಿದಿರಲಿಲ್ಲ.

ಲುಬುಂಬೆ ಬಾಳೆ ಕೇಂದ್ರದ ಹೊಲದಿಂದ ಕಿಸಾ ಎಂಬ, ರೋಗ ತಗುಲದ ಹೊಸ ತಳಿಯ ಒಂದೇ ಒಂದು ಬುಡ ಕಂದುಗಳ ಸಮೇತ ಮಾಯವಾಗಿ, ಅದನ್ನು ಹುಟ್ಟಿಸಿದ ಡಾಕ್ಟರ್ ಎರಿಯಾ ಸ್ಸೆಬುಲಿಬಾ ಬುಡ ಕಿತ್ತ ಗುಂಡಿಯ ಪಕ್ಕದಲ್ಲೇ ತಲೆಯೊಡೆದು ಬಿದ್ದಿದ್ದರು. ಅಂದಿನಿಂದ ಅವರು ಕಣ್ಣು ಬಿಟ್ಟಿರಲಿಲ್ಲ.

ಡಮಾಲಿ ಆ ಕಪ್ಪು ಕಾಳನ್ನು ಪಕ್ಕದಲ್ಲಿದ್ದ ಪೆರೂಸಿಯ ತಟ್ಟೆಯ ಅಂಚಿಗೆ ಇಟ್ಟಳು.

ಪೆರೂಸಿಯ ಕೈ ಬಾಯಿಯ ಹತ್ತಿರ ಹೋಗಿದ್ದು ಅಲ್ಲೇ ನಿಂತಿತು. ಅವಳು ಸ್ಸೆಬುಲಿಬಾರ ಶಿಷ್ಯೆ, ಅವರ ನಂತರ ಆ ಕೇಂದ್ರದಲ್ಲಿ ಬಾಳೆಯನ್ನು ಬಲ್ಲವಳು. ಗುರು ಆಸ್ಪತ್ರೆ ಸೇರಿದಾಗಿನಿಂದ ಡಮಾಲಿಗೆ ಕಣ್ಣಾಗಿದ್ದವಳು. ಎಷ್ಟೋ ಹೊತ್ತು ಆ ಕಾಳನ್ನೇ ನೋಡಿದಳು.

"ಬೀಜ," ಅಂದಳು ಕೊನೆಗೆ.

"ಮಟೋಕೆಯಲ್ಲಿ ಬೀಜ ಇರುತ್ತಾ?"

"ಇರಲ್ಲ. ಇರಬಾರ್ದು."

ಡಮಾಲಿ ತಟ್ಟೆಯಲ್ಲಿ ಉಳಿದ ಮುದ್ದೆಯನ್ನು ಬೆರಳಿಂದ ಕೆದಕಿದಳು. ಇನ್ನೊಂದು ಸಿಕ್ಕಿತು. ಮಂಡಿಯೂರಿ ಕೈಗೆ ನೀರು ಹಾಕಲು ಬಂದ ಕಿವುಂಬಿಯ ತಂಗಿ ನಾಚಿಕೊಂಡಳು.

"ಕ್ಷಮಿಸಿ ನ್ಯಾಬೊ, ಅಮ್ಮಾ. ಆ ಗಿಡದ ಕಾಯಲ್ಲಿ ಅಲ್ಲೊಂದು ಇಲ್ಲೊಂದು ಇರ್ತವೆ. ನಾನು ಹೆರೆಯುವಾಗಲೇ ಆರಿಸಿ ತೆಗೀತೀನಿ. ಇವತ್ತು ಅಣ್ಣ ಆತುರ ಮಾಡಿದ."

"ನೀನು ಒಳಗೆ ಹೋಗು," ಅಂದ ಕಿವುಂಬಿ. ಅವನ ನಗು ಮೊದಲ ಬಾರಿ ಸ್ವಲ್ಪ ಸಡಿಲಾಗಿತ್ತು.

"ಸ್ಸೆಬೊ, ಈ ಗಿಡ ಎಲ್ಲಿಂದ ಬಂತು ಅಂತ ಇನ್ನೊಂದ್ಸಲ ಹೇಳ್ತೀರಾ?"

"ಎಷ್ಟು ಸಲ ಬೇಕಾದ್ರೂ ಹೇಳ್ತೀನಿ. ನಮ್ಮ ಜಜ್ಜಾ, ಅಂದ್ರೆ ಅಪ್ಪನ ತಾಯಿ ನೆಟ್ಟ ತೋಟ. ಎಲೆ ಸುಡೋ ಕಪ್ಪು ರೋಗ ಬಂದು ಎಲ್ಲ ಗಿಡವೂ ಸತ್ತು ಹೋಯ್ತು. ಒಂದು ಬುಡ ಮಾತ್ರ ಹಸಿರಾಗಿ ನಿಂತಿತ್ತು. ಅದರ ಕಂದು ತಂದು ನೆಟ್ಟೆ. ತೋಟದಲ್ಲಿ ಹಾಗೆ ಒಂದೊಂದು ಗಿಡ ತಾನಾಗಿಯೇ ಬದಲಾಗೋದು ಉಂಟು. ನಿಮ್ಮ ಡಾಕ್ಟರಮ್ಮನನ್ನೇ ಕೇಳಿ."

"ಉಂಟು," ಅಂದಳು ಪೆರೂಸಿ ಅವನ ಮುಖ ನೋಡದೆ. "ಬಣ್ಣ ಬದಲಾಗಬಹುದು, ಎತ್ತರ ಬದಲಾಗಬಹುದು. ಆದ್ರೆ ಲೆಕ್ಕ ಬದಲಾಗಲ್ಲ."

"ಯಾವ ಲೆಕ್ಕ?"

"ನಿಮ್ಮ ಜಜ್ಜಾ ಮೂರು ಆಡು ಬಿಟ್ಟು ಹೋದ್ರು ಅಂತಿಟ್ಕೊಳ್ಳಿ. ಮಕ್ಕಳಿಬ್ಬರು. ಸಮಪಾಲು ಮಾಡಿ ನೋಡೋಣ."

ಕಿವುಂಬಿ ಹೊಟ್ಟೆ ಕುಲುಕಿಸಿ ನಕ್ಕ. "ಅದೇನು ಕಷ್ಟ? ಒಂದನ್ನ ಕೊಯ್ದು ಊರಿಗೆಲ್ಲ ಊಟ ಹಾಕ್ತೀನಿ!"

"ಬಾಳೆಗೆ ಆಡು ಕೊಯ್ಯೋಕೆ ಬರಲ್ಲ ಸ್ಸೆಬೊ." ಪೆರೂಸಿಯೂ ನಕ್ಕಳು. ಮಾತು ಬಾಳೆಯ ಕಡೆ ಹೊರಳಿದರೆ ಸಾಕು, ಅವಳ ಮುಖಕ್ಕೆ ಎಲ್ಲಿಂದಲೋ ಬೆಳಕು ಬರುತ್ತಿತ್ತು. "ಜೀವ ಇರೋದಕ್ಕೆಲ್ಲ ತಂದೆತಾಯಿಯ ಗುಣ ಹೊತ್ತು ತರೋವು ವರ್ಣತಂತುಗಳು. ಬಾಳೆಯಲ್ಲಿ ಅವು ಹನ್ನೊಂದು ಬಗೆ. ಮಟೋಕೆಯಲ್ಲಿ ಒಂದೊಂದು ಬಗೆಯದ್ದೂ ಮೂರು ಮೂರು. ಬೀಜ ಕಟ್ಟೋಕೆ ಮೊದಲು ಅವು ಜೋಡಿಯಾಗಿ ನಿಂತು, ಅರ್ಧ ಆ ಕಡೆ ಅರ್ಧ ಈ ಕಡೆ ಹೋಗ್ಬೇಕು. ಮೂರರಲ್ಲಿ ಜೋಡಿ ಹೇಗಾಗುತ್ತೆ? ಒಂದು ಯಾವಾಗ್ಲೂ ಒಂಟಿ. ಒಂದು ಕಡೆಗೆ ಎರಡು, ಇನ್ನೊಂದು ಕಡೆಗೆ ಒಂದು. ಪಾಲು ಕೆಡುತ್ತೆ, ಬೀಜ ನಿಲ್ಲಲ್ಲ. ಅದಕ್ಕೇ ನಮ್ಮ ಊಟ ಇಷ್ಟು ಮೆತ್ತಗಿರೋದು."

"ನಾಲ್ಕು ನಾಲ್ಕು ಇದ್ರೆ?" ಡಮಾಲಿ ಕೇಳಿದಳು.

"ಎರಡು ಜೋಡಿ ಆಗ್ತವೆ. ಪಾಲು ಸರಿಹೋಗುತ್ತೆ. ಅಲ್ಲೊಂದು ಇಲ್ಲೊಂದು ಬೀಜ ಬರುತ್ತೆ."

ಕಿವುಂಬಿ ತನ್ನ ತಟ್ಟೆ ನೋಡಿದ.

"ಅಂದ್ರೆ ಈ ಗಿಡದಲ್ಲಿ ನಾಲ್ಕು ಪಾಲು," ಅಂದಳು ಡಮಾಲಿ. "ಮೂರು ಪಾಲಿನ ಅಜ್ಜಿಯ ಗಿಡ ಕಂದು ಹಾಕಿದ್ರೆ ಕಂದಿನಲ್ಲೂ ಮೂರೇ. ನಾಲ್ಕನೆಯದನ್ನ ಯಾರು ತಂದ್ರು?"

"ತಂದೆ," ಅಂದಳು ಪೆರೂಸಿ. "ಸಾವಿರಕ್ಕೊಮ್ಮೆ ಮಟೋಕೆ ತಾಯಿ ಪಾಲು ಮಾಡೋ ಗೋಜಿಗೇ ಹೋಗಲ್ಲ. ತನ್ನ ಮೂರನ್ನೂ ಇಡಿಯಾಗಿ ಮಗುವಿಗೆ ಕೊಟ್ಟುಬಿಡ್ತಾಳೆ. ಆ ಹೊತ್ತಿಗೆ ಸರಿಯಾಗಿ ಯಾರಾದ್ರೂ ಬೇರೆ ಬಾಳೆಯ ಪರಾಗ ತಂದು ಹಾಕಿರಬೇಕು. ಅದರದ್ದೊಂದು ಸೇರಿ ನಾಲ್ಕು. ಆ ಸಾವಿರಕ್ಕೊಂದನ್ನ ಹಿಡಿಯೋಕೆ ನಮ್ಮ ಡಾಕ್ಟರು ಅರ್ಧ ಆಯುಷ್ಯ ಕಳೆದ್ರು."

ಆ ಕೆಲಸವನ್ನು ಡಮಾಲಿ ಕಣ್ಣಾರೆ ಕಂಡಿದ್ದಳು. ತನಿಖೆ ಶುರುವಾದ ದಿನಗಳಲ್ಲಿ ಪೆರೂಸಿಯೇ ಮಾಡಿ ತೋರಿಸಿದ್ದಳು. ಬೆಳಗಿನ ಇಬ್ಬನಿ ಆರುವ ಮೊದಲೇ ಏಣಿ ಹತ್ತಿ, ಬಾಳೆಮೋತೆಯ ನೇರಳೆ ಸಿಪ್ಪೆಯನ್ನು ಒಂದೊಂದಾಗಿ ಮಗುವಿನ ಕಂಬಳಿಯಂತೆ ಸರಿಸಿ, ಒಳಗಿನ ಹೂಗಳಿಗೆ ಕಾಡುಬಾಳೆಯ ಪರಾಗವನ್ನು ಸವರಿ ಚೀಲ ಕಟ್ಟಬೇಕು. ಗೊನೆ ಬಲಿತ ಮೇಲೆ ಕಾಯಿ ಕಾಯಿಯನ್ನೂ ಹಿಚುಕಿ ಹುಡುಕಬೇಕು. ರಾಶಿ ಗೊನೆಗಳಲ್ಲಿ ಹಿಡಿ ಬೀಜ. ಆ ಬೀಜ ಮಣ್ಣಿಗೆ ಹಾಕಿದರೆ ಮೊಳೆಯುವುದೂ ಇಲ್ಲ. ಭೂತಗನ್ನಡಿಯ ಕೆಳಗೆ ಸೀಳಿ, ಒಳಗಿನ ಬಿಳಿ ಚುಕ್ಕೆಯನ್ನು ಎತ್ತಿ, ಗಾಜಿನ ಸೀಸೆಯಲ್ಲಿ ಸಾಕಬೇಕು. ಪೆರೂಸಿ ಆ ಚುಕ್ಕೆಯನ್ನು ಸೂಜಿಯ ತುದಿಯಲ್ಲಿ ಎತ್ತುವಾಗ ಡಮಾಲಿ ಉಸಿರು ಬಿಗಿಹಿಡಿದಿದ್ದಳು. ತನ್ನ ಕೆಲಸದಲ್ಲಿ ಅವಳು ನೋಡಿದ ಕೈಗಳೆಲ್ಲ ಒಡೆಯುವ, ಕಸಿಯುವ ಕೈಗಳು. ಇಂಥ ಕೈಯನ್ನು ನೋಡಿರಲಿಲ್ಲ.

"ಗಿಡ ತೋರಿಸಿ ಸ್ಸೆಬೊ," ಅಂದಳು ಎದ್ದು ನಿಂತು.

ಸಸಿಗಳ ನೆರಳುಮನೆ ದಾಟಿದ ಮೇಲೆ, ತಂತಿಬೇಲಿಯ ಒಳಗೆ ಆ ಬಾಳೆ ನಿಂತಿತ್ತು. ಸುತ್ತಲಿನ ತೋಟಗಳಲ್ಲಿ ರೋಗ ತಗುಲಿದ ಎಲೆಗಳು ಕಪ್ಪು ಚಿಂದಿಯಾಗಿ ನೇತಾಡುತ್ತಿದ್ದರೆ ಇದು ಮಾತ್ರ ಬುಡದಿಂದ ತುದಿಯವರೆಗೆ ಹಸಿರು. ಎಲೆಗಳು ದಪ್ಪಗೆ, ತಮ್ಮ ಭಾರಕ್ಕೆ ತಾವೇ ಬಾಗಿ ಕೊಡೆಯಂತೆ ಇಳಿಬಿದ್ದಿದ್ದವು. ಗೊನೆ ನೆಲಕ್ಕೆ ಮೊಳದಷ್ಟೇ ಮೇಲಿತ್ತು. ಡಮಾಲಿ ಒಂದು ಗಳಿಗೆ ತಾನು ಬಂದ ಕೆಲಸ ಮರೆತು ನಿಂತಳು. ಇಂಥದ್ದನ್ನು ಮನುಷ್ಯ ಮಾಡಬಲ್ಲ, ಅದೂ ಬೀಜವೇ ಕೊಡದ ಗಿಡದಿಂದ!

ಪೆರೂಸಿ ಕಾಂಡದ ಮೇಲೆ ಅಂಗೈ ಇಟ್ಟಳು. ಬಹಳ ದಿನದ ಮೇಲೆ ಸಿಕ್ಕವರ ಬೆನ್ನು ಸವರುವ ಹಾಗೆ.

"ಕಿಸಾ," ಅಂದಳು. "ಅನುಮಾನವೇ ಇಲ್ಲ ಅಫಂದೆ. ಇದು ನಮ್ಮ ಕಿಸಾನೇ."

"ಯಾರ ಕಿಸಾ?" ಕಿವುಂಬಿ ಸಿಡಿದ. "ಬಾಯಿಗೆ ಬಂದ ಹೆಸರಿಟ್ರೆ ನಿಮ್ಮದಾಗಿಬಿಡುತ್ತಾ?"

ಡಮಾಲಿ ಇಬ್ಬರ ಮಾತಿಗೂ ಕಿವಿಗೊಡದೆ ಕುಕ್ಕರಗಾಲಲ್ಲಿ ಕೂತು ಬುಡದ ತರಗೆಲೆ ಸರಿಸಿದಳು. ನಿಂತ ಗಿಡದ ಪಕ್ಕದಲ್ಲೇ ಹಿಂದೆ ಗೊನೆ ಕಡಿದ ಕಾಂಡದ ಮೋಟು, ಕೊಳೆತು ಕಪ್ಪಾಗಿ, ಕೈ ತಾಗಿದರೆ ಪುಡಿಯಾಗುವಂತಿತ್ತು. ಅದರ ಸುತ್ತ ಎಳೆಯ ಕಂದುಗಳು. ಬಾಳೆ ತಿಂದು ಬೆಳೆದ ಯಾರಿಗಾದರೂ ಅರ್ಥವಾಗುವ ವಿಷಯ.

"ಪೆರೂಸಿ, ಈ ಬುಡ ಇಲ್ಲಿ ಒಂದು ಗೊನೆ ಕೊಟ್ಟಾಗಿದೆ. ಈಗ ಎರಡನೆಯದು. ಕೇಂದ್ರದಿಂದ ಕಿಸಾ ಮಾಯವಾಗಿದ್ದು ಮೊನ್ನೆ ಮೊನ್ನೆ."

ಪೆರೂಸಿ ಕಾಂಡದಿಂದ ಕೈ ತೆಗೆದಳು.

"ಅಂದ್ರೆ ಆವತ್ತು ಕಿತ್ತಿದ್ದನ್ನ ಇಲ್ಲಿ ನೆಟ್ಟಿಲ್ಲ. ಇದು ಬಂದು ವರ್ಷಗಳೇ ಆಗಿವೆ." ಡಮಾಲಿ ಎದ್ದು ಕೈ ಒರೆಸಿಕೊಂಡು ಕಿವುಂಬಿಯ ಮುಂದೆ ನಿಂತಳು. ಅವನು ಅವಳಿಗಿಂತ ಒಂದು ತಲೆ ಎತ್ತರ. ಆದರೂ ಹಿಂದೆ ಸರಿದದ್ದು ಅವನೇ.

"ನೀವು ಡಾಕ್ಟರ ತಲೆಗೆ ಹೊಡೆದಿಲ್ಲ ಸ್ಸೆಬೊ. ಆ ಗುಂಡಿಯನ್ನೂ ತೋಡಿಲ್ಲ. ನಿಮಗೆ ಅದು ಬೇಕಾಗೇ ಇರಲಿಲ್ಲ, ನಿಮ್ಮ ಹತ್ತಿರ ಆಗಲೇ ಗಿಡ ಇತ್ತು. ಆದ್ರೆ ಕೊಟ್ಟವರು ಯಾರು ಅಂತ ನಿಮಗೆ ಗೊತ್ತು. ಆ ಮನುಷ್ಯ ಆಸ್ಪತ್ರೇಲಿ ಸತ್ರೆ, ಅದನ್ನ ಬಚ್ಚಿಟ್ಟ ಪಾಪ ನಿಮ್ಮ ತಲೆ ಮೇಲೆ."

ಕಿವುಂಬಿ ಟೋಪಿ ತೆಗೆದ. ಜಂಬವೆಲ್ಲ ಅದರ ಜೊತೆಗೇ ಇಳಿದಂತಾಯಿತು.

"ಜಜ್ಜಾನ ತೋಟ ಸತ್ತಿದ್ದು ನಿಜ ಅಫಂದೆ. ಅದರಲ್ಲಿ ಸುಳ್ಳಿಲ್ಲ. ಆ ತೋಟದ ಗೊನೆ ತಿಂದೇ ನಾವು ಏಳು ಜನ ಬೆಳೆದದ್ದು. ಕೊನೇ ಗಿಡ ಬಿದ್ದ ದಿನ ಮುದುಕಿ ಮನೆಯೊಳಗೆ ಹೋದಳು, ಮತ್ತೆ ತೋಟದ ಕಡೆ ತಿರುಗಿ ನೋಡಲಿಲ್ಲ. ಆಮೇಲೆ ಒಬ್ಬರು ಬಂದು ಈ ಕಂದು ಕೊಟ್ರು. ಬೆಳೆಸು, ಊರಿಗೆಲ್ಲ ಹಂಚು, ಎಲ್ಲಿಂದ ಬಂತು ಅಂತ ಮಾತ್ರ ಹೇಳ್ಬೇಡ ಅಂದ್ರು. ಸುತ್ತಲ ಹಳ್ಳಿಗಳಿಗೆಲ್ಲ ಹಂಚಿದೀನಿ. ಕೇಳಿ ನೋಡಿ. ಬಡವರ ಹತ್ತಿರ ಏನೂ ತಗೊಂಡಿಲ್ಲ."

"ಯಾರು ಕೊಟ್ರು?"

"ಮಾತು ಕೊಟ್ಟಿದೀನಿ."

"ಕದ್ದ ಮಾಲಿಗೆ ಕೊಟ್ಟ ಮಾತಿಗೆ ಬೆಲೆ ಇಲ್ಲ."

"ಕದ್ದಿದ್ದಲ್ಲ!" ಕಿವುಂಬಿಯ ದನಿ ಬೇಲಿಯಾಚೆಗೂ ಕೇಳಿತು. "ಕೊಟ್ಟವರಿಗೆ ಕೊಡೋ ಹಕ್ಕಿತ್ತು ಅಫಂದೆ. ಬೇಕಾದ್ರೆ ನನ್ನ ಕೈಗೆ ಬೇಡಿ ಹಾಕಿ. ಹೆಸರು ಮಾತ್ರ ನನ್ನ ಬಾಯಿಂದ ಬರಲ್ಲ."

ಕೊಡುವ ಹಕ್ಕು. ಅಂಥ ಹಕ್ಕಿದ್ದವರು ಸ್ಸೆಬುಲಿಬಾ ಒಬ್ಬರೇ ಎಂದು ಡಮಾಲಿಗೆ ಅನ್ನಿಸಿತು. ಕೇಂದ್ರದ ಕಡತ, ಅಪ್ಪಣೆ ಎಂದು ಕಾಯುತ್ತಾ ಕೂರದೆ ಮುದುಕರು ಗುಟ್ಟಾಗಿ ಗಿಡವನ್ನು ಜನರಿಗೇ ಕೊಟ್ಟುಬಿಟ್ಟರೇ? ಹಾಗಿದ್ದರೆ ಅವರ ಮೇಲೆ ಅವಳಿಗೆ ಗೌರವ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಎದುರು ನಿಂತ ಈ ಡೊಳ್ಳುಹೊಟ್ಟೆಯ ಮನುಷ್ಯನ ಮೇಲೂ.

"ಊರು ಬಿಟ್ಟು ಹೋಗಬೇಡಿ," ಎಂದಷ್ಟೇ ಹೇಳಿ ಹೊರಟಳು.

ಪೆರೂಸಿಯ ಹಳೆಯ ಗಾಡಿ ಕೆಂಪು ಧೂಳೆಬ್ಬಿಸಿಕೊಂಡು ದೊಡ್ಡ ರಸ್ತೆ ಸೇರಿತು. ದಾರಿಯುದ್ದಕ್ಕೂ ಸೈಕಲ್ಲುಗಳ ಎರಡೂ ಮಗ್ಗುಲಿಗೆ ಹಸಿರು ಗೊನೆ ಕಟ್ಟಿಕೊಂಡು ಜನ ತಳ್ಳಿಕೊಂಡು ಹೋಗುತ್ತಿದ್ದರು.

"ಒಂದು ಕೇಳ್ಲಾ?" ಅಂದಳು ಡಮಾಲಿ. "ಈ ಗಿಡದ ತಾಯಿ ಇಂಥವಳು, ತಂದೆ ಇಂಥವನು ಅಂತ ಪ್ರಯೋಗಾಲಯದಲ್ಲಿ ಹೇಗೆ ಹೇಳ್ತಾರೆ? ನಾಲ್ಕು ಪಾಲು ಕಲಸಿ ಹೋಗಿರುತ್ತಲ್ಲ."

"ಬಾಳೆ ಆ ವಿಷಯದಲ್ಲಿ ಬಲು ಪ್ರಾಮಾಣಿಕ ಅಫಂದೆ." ಪೆರೂಸಿ ರಸ್ತೆಯಿಂದ ಕಣ್ಣು ತೆಗೆಯದೆ ನಕ್ಕಳು. "ವರ್ಣತಂತು ಬಿಟ್ಟು ಇನ್ನೂ ಎರಡು ಗುರುತು ಇಟ್ಕೊಂಡಿರುತ್ತೆ. ಎಲೆಯ ಹಸಿರು ಕಣಗಳಲ್ಲಿರೋ ಡಿಎನ್‌ಎ ತಾಯಿಯದ್ದೇ. ಜೀವಕೋಶಕ್ಕೆ ಶಕ್ತಿ ಕೊಡೋ ಇನ್ನೊಂದು ಬಗೆಯ ಕಣ ಇರುತ್ತಲ್ಲ, ಅದರ ಡಿಎನ್‌ಎ ಮನುಷ್ಯರಲ್ಲಾದ್ರೆ ತಾಯಿಂದ ಬರುತ್ತೆ. ಬಾಳೆಯಲ್ಲಿ ಉಲ್ಟಾ, ತಂದೆಯಿಂದ. ಬೇರೆ ಬೇರೆ ದಾರಿ, ಕಲಸಿ ಹೋಗೋದೇ ಇಲ್ಲ. ಅಪ್ಪ ಅಮ್ಮ ಇಬ್ಬರ ಹೆಸರನ್ನೂ ಕೊರಳಿಗೆ ಕಟ್ಕೊಂಡು ಓಡಾಡೋ ಮಗು."

"ಎಷ್ಟು ಚೆನ್ನಾಗಿ ಹೇಳ್ತೀಯ!" ಡಮಾಲಿ ಮನಸಾರೆ ಅಂದಳು. ಏಕವಚನ ತಾನಾಗಿಯೇ ಬಂದಿತ್ತು.

"ನಮ್ಮ ಡಾಕ್ಟರು ಹೇಳಿಕೊಟ್ಟಿದ್ದು. ಕಿಸಾದ ತಂದೆ ಕಲ್ಕತ್ತಾದಿಂದ ತಂದ ಕಾಡುಬಾಳೆ. ಬೆರಳುದ್ದದ ಕಾಯಿ, ಒಳಗೆಲ್ಲ ಬೀಜ, ಮಂಗನೂ ಮೂಸಲ್ಲ. ಆದ್ರೆ ರೋಗ ಅದರ ಹತ್ತಿರ ಸುಳಿಯಲ್ಲ. ಆ ಕೊಳಕು ಗಿಡದಲ್ಲಿ ಚಿನ್ನ ಕಂಡವರು ಅವರು."

ಆಗ ಡಮಾಲಿಯ ಫೋನು ಸದ್ದು ಮಾಡಿತು. ಕಂಪಾಲಾದ ಪ್ರಯೋಗಾಲಯದಿಂದ. ಕಾನ್‌ಸ್ಟೇಬಲ್ ಒಬ್ಬನಿಗೆ ರೈತನ ವೇಷ ಹಾಕಿಸಿ ಕಿವುಂಬಿಯ ತೋಟದಿಂದ ಒಂದು ಸಸಿ ತರಿಸಿ ಹಿಂದೆಯೇ ಕಳಿಸಿದ್ದಳು. ಗುಂಡಿಯಲ್ಲಿ ಉಳಿದಿದ್ದ ಕಿಸಾದ ಬೇರಿನ ತುಂಡನ್ನೂ, ಕೇಂದ್ರದ ಆವರಣದ ಪ್ರತಿ ಬಾಳೆಯ ಎಲೆಯನ್ನೂ ಅದರ ಜೊತೆಗೇ ಕಳಿಸಿದ್ದಳು. ಉತ್ತರ ಬಂದಿತ್ತು.

ಓದಿದಳು. ಮತ್ತೊಮ್ಮೆ ಓದಿದಳು.

ಕಿವುಂಬಿಯ ಸಸಿಯೂ ಗುಂಡಿಯ ಬೇರೂ ಒಂದೇ ಗಿಡದ್ದಲ್ಲ. ಎರಡರಲ್ಲೂ ನಾಲ್ಕು ಪಾಲು. ಎರಡಕ್ಕೂ ತಾಯಿ ಒಬ್ಬಳೇ, ತಂದೆ ಬೇರೆ. ಗುಂಡಿಯ ಬೇರಿನ ತಂದೆ ಕಲ್ಕತ್ತಾದ ಕಾಡುಬಾಳೆ. ಸಸಿಯ ತಂದೆ ಹೊಲದಲ್ಲಿ ಎಲ್ಲೂ ಇಲ್ಲ. ಅದಕ್ಕೆ ಹೊಂದುವ ಎಲೆ ಒಂದೇ: ಸಿಬ್ಬಂದಿಯ ಮನೆಗಳ ಸಾಲಿನ ಕೊನೆಯಲ್ಲಿ, ಪಾತ್ರೆ ತೊಳೆಯುವ ಕಟ್ಟೆಯ ಪಕ್ಕ ಬೆಳೆದ ಸಣಕಲು ಬಾಳೆಯದು.

ಆ ಕೊನೆಯ ಮನೆ ಪೆರೂಸಿಯದು.

ಡಮಾಲಿ ಪಕ್ಕಕ್ಕೆ ತಿರುಗಿ ನೋಡಿದಳು. ಎಲೆಯ ಬಾಗು ನೋಡಿಯೇ ಗಿಡದ ಹೆಸರು ಹೇಳುವ ಹೆಂಗಸು ಇವಳು. ತನ್ನ ಕೈಯಾರೆ ಹುಟ್ಟಿಸಿದ ಗಿಡದ ಬೆನ್ನು ಸವರಿ, ಕಣ್ಣು ಮಿಟುಕಿಸದೆ ಅದನ್ನು ಕಿಸಾ ಅಂದಿದ್ದಳು. ಮರೆತು ಹೇಳಿದ ಮಾತಲ್ಲ ಅದು.

ಏನು ಕೇಳಬೇಕೆಂದು ಯೋಚಿಸುವಷ್ಟರಲ್ಲೇ ಪೆರೂಸಿಯ ಫೋನು ಹೊಡೆದುಕೊಂಡಿತು. ಅವಳು ಗಾಡಿಯನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿ ಕಿವಿಗಿಟ್ಟುಕೊಂಡಳು. ಕೇಳುತ್ತ ಕೇಳುತ್ತ ಅವಳ ಕಣ್ಣು ತುಂಬಿತು.

"ಆಸ್ಪತ್ರೆಯಿಂದ ಅಫಂದೆ! ಡಾಕ್ಟರು ಕಣ್ಣು ಬಿಟ್ರಂತೆ! ಮಾತಾಡಿದ್ರಂತೆ! ನನ್ನನ್ನೇ ಕೇಳ್ತಿದ್ದಾರಂತೆ!" ಗೇರು ಹಾಕಿದಳು. "ಹಿಡ್ಕೊಳ್ಳಿ, ಜೋರಾಗಿ ಓಡಿಸ್ತೀನಿ."

ಡಮಾಲಿ ಕೈ ಚಾಚಿ ಎಂಜಿನ್ ಆರಿಸಿದಳು. ಕೀಲಿ ಎಳೆದು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಪಕ್ಕದಲ್ಲಿ ಲಾರಿಯೊಂದು ಹಾರನ್ ಮಾಡುತ್ತ ಹಾದುಹೋಯಿತು. ಪೆರೂಸಿ ಕೀಲಿಯನ್ನು ನೋಡಿದಳು. ಡಮಾಲಿಯ ಮಡಿಲಲ್ಲಿದ್ದ ಫೋನಿನ ಕಡೆ ನೋಡಿದಳು. ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

"ನನ್ನ ಹಿತ್ತಿಲ ಎಲೆಯನ್ನೂ ಕಳಿಸಿದ್ರಾ?"

"ಕಳಿಸಿದ್ದೆ."

"ನಿಮ್ಮಂಥವರು ನಮ್ಮ ಕೆಲಸಕ್ಕೆ ಬರಬೇಕಿತ್ತು ಅಫಂದೆ." ಕೆನ್ನೆಯ ಮೇಲಿನ ನೀರನ್ನು ಒರೆಸಿಕೊಳ್ಳಲೂ ಇಲ್ಲ. ದನಿಯಲ್ಲಿ ಸಿಟ್ಟಿರಲಿಲ್ಲ, ಮೆಚ್ಚುಗೆಯೇ ಇತ್ತು. "ಹೌದು, ಕಿವುಂಬಿಗೆ ಕೊಟ್ಟ ಗಿಡ ನನ್ನದು. ನಾನೇ ಹುಟ್ಟಿಸಿದ್ದು. ಅದಕ್ಕೆ ಏನು ಶಿಕ್ಷೆ ಇದೆಯೋ ಕೊಡಿ."

"ಕಿಸಾ ಎಲ್ಲಿದೆ ಪೆರೂಸಿ?"

ಪೆರೂಸಿ ಸೀಟಿಗೆ ತಲೆಯೊರಗಿಸಿ ಕಣ್ಣು ಮುಚ್ಚಿದಳು.

"ಆಸ್ಪತ್ರೆಗೆ ನೀವೊಬ್ಬರೇ ಹೋಗಿ. ಆ ಪ್ರಶ್ನೆನ ಅವರನ್ನೇ ಕೇಳಿ. ಆವತ್ತು ನಾನು ಹೊಲಕ್ಕೆ ಹೋದಾಗ ಕಿಸಾದ ಬುಡ ಅಗೆದ ಗುದ್ದಲಿ ನಮ್ಮ ಡಾಕ್ಟರ ಕೈಯಲ್ಲೇ ಇತ್ತು."